ಹಳೇ ಗೂಡ್ಸ್ ಇಂಜಿನ್‌ಗೆ ಸಿಕ್ಕ ಎರಡನೇ ನೌಕರಿ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳೋಕೆ ಪುರುಸೊತ್ತಿಲ್ಲದವರು, ನೆಟ್‌ವರ್ಕ್ ಸಿಗದ ಊರಿನವರು ಓದಿಕೊಳ್ಳಬಹುದು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.



ಇವತ್ತು ಒಂದೇ ಒಂದು ಪ್ರಶ್ನೆ. ರೈಲು ಇಂಜಿನ್‌ಗೆ ವಯಸ್ಸಾದ್ರೆ ಏನಾಗತ್ತೆ? ಗುಜರಿಗೆ ಹೋಗತ್ತೆ ಅಂತೀರಿ. ಇಲ್ಲಾಂದ್ರೆ ಬಣ್ಣ ಬಳಿದು ಸ್ಟೇಷನ್ ಮುಂದೆ ನಿಲ್ಲಿಸ್ತಾರೆ, ನಾವು ಹೋಗಿ ಸೆಲ್ಫಿ ತಗೋತೀವಿ. ಈ ಎರಡರ ನಡುವೆ ಮೂರನೇ ದಾರಿಯೂ ಒಂದಿತ್ತು. ಉಗಿ ಇಂಜಿನ್ ಕಾಲದಲ್ಲಿ ಕೆಲವು ಹಳೇ ಗೂಡ್ಸ್ ಇಂಜಿನ್‌ಗಳನ್ನ ಬಿಚ್ಚಿ, ಅವುಗಳ ಆಕಾರವನ್ನೇ ಬದಲಾಯಿಸಿ, ಬೇರೆ ಕೆಲಸಕ್ಕೆ ಹಚ್ಚಿದ್ರು. ಆ ಕೆಲಸದ ಹೆಸರು ಶಂಟಿಂಗ್. ಇವತ್ತಿನ ಕಥೆ ಅದೇ. ನಮ್ಮ ಶಿವಮೊಗ್ಗ–ತಾಳಗುಪ್ಪ ಲೈನಿಗೂ ಇದಕ್ಕೂ ಸಂಬಂಧ ಇದೆ, ಆದ್ರೆ ನೀವು ಅಂದುಕೊಂಡ ಹಾಗಲ್ಲ.

ಮೊದಲು ನಮ್ಮ ಲೈನು

ಬೀರೂರಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಅಲ್ಲಿಂದ ಮುಂದೆ ಕಾಡು, ಗುಡ್ಡ, ಮಳೆ. 1930ರ ದಶಕದಲ್ಲಿ ಹಳಿ ತುಂಡು ತುಂಡಾಗಿ ಮುಂದುವರಿದು, 1940ರ ಹೊತ್ತಿಗೆ ತಾಳಗುಪ್ಪ ತಲುಪಿತು. ಎಲ್ಲ ಸೇರಿ ನೂರು ಕಿಲೋಮೀಟರಿನ ಆಸುಪಾಸು. ಹಳಿಗಳ ನಡುವಿನ ಅಂತರ ಒಂದೇ ಮೀಟರ್. ಅದಕ್ಕೇ ಮೀಟರ್‌ಗೇಜ್ ಅಂತ ಹೆಸರು.

ಮೂರು ತಾಲೂಕಿನಲ್ಲಿ ರೈಲಿನ ಪಾಲು ಹೇಗಿದೆ ನೋಡಿ. ಸಾಗರ ತಾಲೂಕಿಗೆ ಆನಂದಪುರ, ಸಾಗರ ಜಂಬಗಾರು, ತಾಳಗುಪ್ಪ ಸಿಕ್ಕವು. ಹೊಸನಗರ ತಾಲೂಕಿಗೆ ಅರಸಾಳು ಸಿಕ್ಕಿತು, ಆದ್ರೆ ಹೊಸನಗರ ಪೇಟೆಗೆ ರೈಲಿಲ್ಲ. ತೀರ್ಥಹಳ್ಳಿಗೆ ಇವತ್ತಿಗೂ ಹಳಿ ಇಲ್ಲ. ಇನ್ನೊಂದು ಮಜಾ ಅಂದ್ರೆ, ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಶಂಕರ್ ನಾಗ್ ಊರು ಹುಡುಕಿದ್ದು ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ, ಆ ಊರಿಗೆ ಸ್ಟೇಷನ್ ಹುಡುಕಿದ್ದು ಹೊಸನಗರ ತಾಲೂಕಿನ ಅರಸಾಳಿನಲ್ಲಿ. ಟಿವಿಯಲ್ಲಿ ಮಾತ್ರ ಎರಡೂ ಒಂದೇ ಊರು.

ಈಗ ತಾಳಗುಪ್ಪಕ್ಕೆ ಬನ್ನಿ. ಅದು ಹಳಿ ಮುಗಿಯೋ ಜಾಗ. ರೈಲು ಬಂದು ನಿಂತಾಗ ಇಂಜಿನ್ ಎಲ್ಲಿರತ್ತೆ? ಮುಂದೆ. ವಾಪಸ್ ಹೋಗುವಾಗ ಎಲ್ಲಿರಬೇಕು? ಆ ಕಡೆ ತುದಿಯಲ್ಲಿ. ಹಾಗಾಗಿ ಇಂಜಿನ್ ಕಳಚಬೇಕು, ಪಕ್ಕದ ಹಳಿಯಲ್ಲಿ ಹಿಂದಕ್ಕೆ ಓಡಿಸಬೇಕು, ಇನ್ನೊಂದು ತುದಿಗೆ ಜೋಡಿಸಬೇಕು. ಪ್ಲಾಟ್‌ಫಾರ್ಮಲ್ಲಿ ನಿಂತು ಇದನ್ನ ನೋಡಿದೋರು ಎಷ್ಟೋ ಜನ ಇದ್ದೀರಿ. ಅದೇ ಶಂಟಿಂಗ್‌ನ ಅತಿ ಸಣ್ಣ ಉದಾಹರಣೆ.

ಶಂಟಿಂಗ್ ಅಂದ್ರೆ ಏನು?

ದೊಡ್ಡ ಯಾರ್ಡುಗಳಲ್ಲಿ ಇದು ಹಗಲೂ ರಾತ್ರಿ ನಡೆಯೋ ಕೆಲಸ. ಒಂದು ಗೂಡ್ಸ್ ರೈಲಲ್ಲಿ ನಲವತ್ತು ವ್ಯಾಗನ್ ಬಂತು ಅಂತಿಟ್ಕೊಳ್ಳಿ. ಹತ್ತು ಒಂದೂರಿಗೆ, ಹದಿನೈದು ಇನ್ನೊಂದೂರಿಗೆ, ಉಳಿದದ್ದು ಫ್ಯಾಕ್ಟರಿಗೆ. ಒಂದೊಂದೇ ಗುಂಪನ್ನ ಕಳಚಿ, ತಳ್ಳಿ, ಎಳೆದು, ಬೇರೆ ಬೇರೆ ಹಳಿಗೆ ಹಾಕಿ, ಹೊಸ ರೈಲು ಕಟ್ಟಬೇಕು. ಪೋಸ್ಟಾಫೀಸಲ್ಲಿ ಕಾಗದ ವಿಂಗಡಿಸಿದ ಹಾಗೇ. ಒಂದೇ ವ್ಯತ್ಯಾಸ, ಇಲ್ಲಿ ಒಂದೊಂದು ಕಾಗದವೂ ಹತ್ತಾರು ಟನ್ ತೂಗತ್ತೆ.

ಇದು ಅಪಾಯದ ಕೆಲಸವೂ ಹೌದು. ಇಂಜಿನ್ ಒಳಗಿರೋ ಡ್ರೈವರ್‌ಗೆ ಹಿಂದೆ ಬೋಗಿಗಳ ನಡುವೆ ಏನು ನಡೀತಿದೆ ಅಂತ ಕಾಣಲ್ಲ. ಅಲ್ಲಿ ನಿಂತು ಕೊಂಡಿ ಹಾಕೋರು ರೈಲ್ವೆಯ ಪಾಯಿಂಟ್ಸ್‌ಮನ್‌ಗಳು. ಹಗಲಲ್ಲಿ ಕೈ ಸನ್ನೆ, ಬಾವುಟ. ರಾತ್ರಿ ದೀಪ. ಸನ್ನೆ ತಪ್ಪಿದ್ರೆ ಹೋಗೋದು ಜೀವ. ಹಾಗಾಗಿ ಈ ಕೆಲಸದ ಇಂಜಿನ್‌ಗೆ ವೇಗ ಬೇಡ. ಮೂರು ಗುಣ ಬೇಕು: ನಿಂತಲ್ಲಿಂದ ಭಾರ ಕದಲಿಸೋ ಶಕ್ತಿ, ಹಿಂದೆ ಮುಂದೆ ಎರಡೂ ಕಡೆ ಸಲೀಸಾಗಿ ಓಡೋ ಗುಣ, ಡ್ರೈವರ್‌ಗೆ ಎರಡೂ ಕಡೆ ಚೆನ್ನಾಗಿ ಕಾಣೋ ವ್ಯವಸ್ಥೆ.

ಕೆಸರಲ್ಲಿ ಹೂತ ಜೀಪು

ಮೊದಲನೇ ಗುಣ ತಗೊಳ್ಳೋಣ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಜೀಪು ಹೂತು ಹೋಗತ್ತೆ. ಇಂಜಿನ್ ಭರ್ ಅನ್ನತ್ತೆ, ಗಾಲಿ ಗಿರಗಿರ ತಿರುಗತ್ತೆ, ಜೀಪು ಅಲ್ಲೇ ಇರತ್ತೆ. ಆಗ ಏನ್ ಮಾಡ್ತೀವಿ? ನಾಲ್ಕು ಜನ ಹಿಂದೆ ಹತ್ತಿ ನಿಲ್ತೀವಿ. ತಿರುಗೋ ಗಾಲಿ ಮೇಲೆ ಭಾರ ಬಿದ್ರೆ ಹಿಡಿತ ಸಿಗತ್ತೆ. ಶಕ್ತಿ ಮೊದಲೂ ಇತ್ತು, ಸಿಗದೇ ಇದ್ದಿದ್ದು ಹಿಡಿತ.

ರೈಲಲ್ಲೂ ಇದೇ ಲೆಕ್ಕ. ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ. ಹಳಿ ಒಣಗಿದ್ದಾಗ, ಎಳೆಯೋ ಗಾಲಿಗಳ ಮೇಲೆ ಕೂತ ಭಾರದ ಸುಮಾರು ಕಾಲು ಭಾಗದಷ್ಟು ಬಲ ಹಾಕಬಹುದು ಅಂತ ಹಳೇ ಇಂಜಿನಿಯರ್‌ಗಳು ಅಂದಾಜು ಇಟ್ಕೊಳ್ತಿದ್ರು. ಅರವತ್ತು ಟನ್ ಭಾರ ಕೂತಿದ್ರೆ ಹದಿನೈದು ಟನ್ನಿನಷ್ಟು ಎಳೆತ. ಅದಕ್ಕಿಂತ ಜಾಸ್ತಿ ಒತ್ತಿದ್ರೆ ಗಾಲಿ ಜಾರತ್ತೆ. ನಮ್ಮ ಕಡೆ ಮಳೆಯಲ್ಲಿ, ಹಳಿ ಮೇಲೆ ಎಲೆ ಬಿದ್ದಾಗ, ಇನ್ನೂ ಬೇಗ ಜಾರತ್ತೆ. ಅದಕ್ಕೇ ಇಂಜಿನ್‌ನಲ್ಲಿ ಮರಳು ಇಟ್ಟಿರ್ತಾರೆ, ಗಾಲಿ ಮುಂದೆ ಉದುರಿಸೋಕೆ.

ಈಗ ಉಗಿ ಇಂಜಿನ್‌ಗಳ ಲೆಕ್ಕ ಬರೆಯೋ ರೀತಿ ನೋಡಿ. 2-8-2 ಅಂದ್ರೆ ಮುಂದೆ ಎರಡು ಸಣ್ಣ ಗಾಲಿ, ನಡುವೆ ಎಳೆಯೋ ಎಂಟು ಗಾಲಿ, ಹಿಂದೆ ಎರಡು ಸಣ್ಣ ಗಾಲಿ. ಸಣ್ಣ ಗಾಲಿಗಳು ಎಳೆಯಲ್ಲ. ಮುಂದಿನವು ತಿರುವಿನಲ್ಲಿ ದಾರಿ ತೋರಿಸ್ತವೆ, ಒಂದಿಷ್ಟು ಭಾರ ಹೊರ್ತವೆ. ವೇಗವಾಗಿ ಓಡೋವಾಗ ಅವು ಬೇಕೇ ಬೇಕು. ಆದ್ರೆ ಯಾರ್ಡಲ್ಲಿ ನಡಿಗೆ ವೇಗದಲ್ಲಿ ತೆವಳೋ ಇಂಜಿನ್‌ಗೆ ಅವು ಅಷ್ಟು ಮುಖ್ಯ ಅಲ್ಲ. ಅವು ಹೊತ್ತ ಭಾರ ಎಳೆಯೋ ಗಾಲಿಗೆ ಸಿಗದೇ ಹೋದ ಭಾರ, ಅಷ್ಟೇ.

ಇನ್ನೊಂದು ಸೂಕ್ಷ್ಮ ಇದೆ. ಉಗಿ ಇಂಜಿನ್ ವೇಗವಾಗಿ ಓಡಬೇಕಾದ್ರೆ ಬಾಯ್ಲರ್ ಒಂದೇ ಸಮನೆ ಉಗಿ ಒದಗಿಸ್ತಾ ಇರಬೇಕು. ಹಳೇ ಇಂಜಿನ್‌ಗಳು ಸೋಲೋದು ಅಲ್ಲಿ. ಬಾಯ್ಲರ್ ಸಣ್ಣದು, ಕಾಲ ಮುಂದೆ ಹೋಗಿರತ್ತೆ, ರೈಲುಗಳು ಉದ್ದ ಆಗಿರ್ತವೆ. ಆದ್ರೆ ಯಾರ್ಡಲ್ಲಿ ಎರಡು ನಿಮಿಷ ತಳ್ಳಿದ್ರೆ ಐದು ನಿಮಿಷ ನಿಲ್ಲೋದು. ಆ ನಿಂತ ಹೊತ್ತಲ್ಲಿ ಬಾಯ್ಲರ್ ಮತ್ತೆ ಉಗಿ ತುಂಬಿಕೊಳ್ಳತ್ತೆ. ದೂರದ ಓಟಕ್ಕೆ ಉಸಿರು ಸಾಲದ ಇಂಜಿನ್‌ಗೆ ಇಲ್ಲಿ ಉಸಿರು ಸಾಕು. ಸಣ್ಣ ಗಾಲಿ, ಜಾಸ್ತಿ ಎಳೆತ ಅನ್ನೋ ಗುಣ ಗೂಡ್ಸ್ ಇಂಜಿನ್‌ಗೆ ಹುಟ್ಟಿನಿಂದಲೇ ಬಂದಿರತ್ತೆ.

ಗಾರ್ಟನ್‌ನ ಹದಿಮೂರು ಇಂಜಿನ್‌ಗಳು

ಇದನ್ನ ಮಾಡಿ ತೋರಿಸಿದ ಸ್ಪಷ್ಟ ಉದಾಹರಣೆ ಇಂಗ್ಲೆಂಡಿನದು. ಅಲ್ಲಿನ ಗ್ರೇಟ್ ಸೆಂಟ್ರಲ್ ರೈಲ್ವೆಗೆ ಜಾನ್ ರಾಬಿನ್ಸನ್ ಅನ್ನೋ ಇಂಜಿನಿಯರ್ 1902ರಿಂದ ಒಂದು ಗೂಡ್ಸ್ ಇಂಜಿನ್ ಕಟ್ಟಿಸಿದ್ರು. 0-8-0, ಅಂದ್ರೆ ಎಂಟೂ ಗಾಲಿ ಎಳೆಯೋವೇ, ಹಿಂದೆ ನೀರು–ಕಲ್ಲಿದ್ದಲು ಹೊರೋಕೆ ಟೆಂಡರ್. ಕಲ್ಲಿದ್ದಲು ರೈಲು ಎಳೆಯೋಕೆ ಗಟ್ಟಿ ಇಂಜಿನ್. 1911ರಲ್ಲಿ ಅವರದ್ದೇ ಹೊಸ ಮಾದರಿ ಬಂತು: ಮುಂದೆ ಎರಡು ಸಣ್ಣ ಗಾಲಿ, ದೊಡ್ಡ ಬಾಯ್ಲರ್, 2-8-0. ಹಳೆಯವು ನಿಧಾನಕ್ಕೆ ಹಿಂದಿನ ಸಾಲಿಗೆ ಸರಿದವು.

1923ರಲ್ಲಿ ಗ್ರೇಟ್ ಸೆಂಟ್ರಲ್ ಕಂಪನಿ ಎಲ್‌ಎನ್‌ಇಆರ್ ಅನ್ನೋ ದೊಡ್ಡ ಕಂಪನಿಯೊಳಗೆ ಸೇರಿಹೋಯ್ತು. ಮುಂದೆ ಎರಡನೇ ಮಹಾಯುದ್ಧ. ಯಾರ್ಡುಗಳಲ್ಲಿ ಕೆಲಸ ಬೆಟ್ಟದಷ್ಟು, ಹೊಸ ಇಂಜಿನ್ ಕಟ್ಟೋಕೆ ಉಕ್ಕಿಗೂ ಆಳಿಗೂ ಬರ. ಆಗ ಮುಖ್ಯ ಇಂಜಿನಿಯರ್ ಆಗಿದ್ದವರು ಎಡ್ವರ್ಡ್ ಥಾಂಪ್ಸನ್. ಅವರು ರಾಬಿನ್ಸನ್ನರ ಹಳೇ ಇಂಜಿನ್‌ಗಳನ್ನೇ ಮ್ಯಾಂಚೆಸ್ಟರ್ ಹತ್ತಿರದ ಗಾರ್ಟನ್ ಕಾರ್ಖಾನೆಗೆ ತರಿಸಿದ್ರು. ಟೆಂಡರ್ ತೆಗೆದರು. ಬಾಯ್ಲರ್‌ನ ಎರಡೂ ಪಕ್ಕ ನೀರಿನ ಟ್ಯಾಂಕ್ ಕೂರಿಸಿದರು. ಕಲ್ಲಿದ್ದಲಿನ ಪೆಟ್ಟಿಗೆಯನ್ನ ಡ್ರೈವರ್ ಕ್ಯಾಬಿನ್ನಿನ ಬೆನ್ನಿಗೆ ಹಚ್ಚಿದರು. 1942ರಿಂದ 1945ರ ನಡುವೆ ಹೀಗೆ 13 ಇಂಜಿನ್ ತಯಾರಾದವು. ಕ್ಯೂ1 ಅಂತ ಹೆಸರು.

ಇದರಿಂದ ಏನಾಯ್ತು? ನಿಮ್ಮ ಮನೆ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಅದು ತುಂಬಿದ್ರೆ ಬರೀ ನೀರೇ ಒಂದು ಟನ್. ಇಂಜಿನ್‌ಗೆ ಅಂಥ ಹಲವು ಟ್ಯಾಂಕಿನಷ್ಟು ನೀರು ಬೇಕು. ಮೊದಲು ಆ ಭಾರವೆಲ್ಲ ಟೆಂಡರ್ ಗಾಲಿ ಮೇಲೆ ಸುಮ್ಮನೆ ಹೊರೆಯಾಗಿ ಉರುಳ್ತಿತ್ತು. ಈಗ ಅದೇ ನೀರು ಎಳೆಯೋ ಗಾಲಿ ಮೇಲೆ ಬಂದು ಕೂತಿತು. ಜೀಪಿನ ಹಿಂದೆ ನಾಲ್ಕು ಜನ ಹತ್ತಿ ನಿಂತ ಹಾಗೆ! ಜೊತೆಗೆ ಇಂಜಿನ್ ಗಿಡ್ಡ ಆಯ್ತು, ಹಿಂದಕ್ಕೆ ಓಡುವಾಗ ಕಣ್ಣಿಗೆ ಅಡ್ಡ ಬರ್ತಿದ್ದ ಟೆಂಡರ್ ಇಲ್ಲವಾಯ್ತು. ನಾವು ಹೇಳಿದ ಮೂರು ಗುಣವೂ ಒಂದೇ ಏಟಿಗೆ.

ನಷ್ಟವೂ ಇದೆ. ನೀರು ಖರ್ಚಾಗ್ತಾ ಹೋದ ಹಾಗೆ ಭಾರ ಇಳಿಯತ್ತೆ, ಹಿಡಿತವೂ ಇಳಿಯತ್ತೆ. ಟೆಂಡರ್‌ನಲ್ಲಿದ್ದಷ್ಟು ನೀರು ಪಕ್ಕದ ಟ್ಯಾಂಕಲ್ಲಿ ಹಿಡಿಸಲ್ಲ, ಆಗಾಗ ತುಂಬಿಸಬೇಕು. ಆದ್ರೆ ಯಾರ್ಡ್ ಬಿಟ್ಟು ಹೋಗದ ಇಂಜಿನ್‌ಗೆ ನೀರಿನ ಕಂಬ ಎಷ್ಟು ದೂರ?

ಅಮೆರಿಕದಲ್ಲಿ ಇನ್ನೊಂದು ದಾರಿ ಹಿಡಿದ್ರು. ಇಲಿನಾಯ್ ಸೆಂಟ್ರಲ್ ರೈಲ್ವೆ ತನ್ನ ಹಳೇ 2-8-2 ಗೂಡ್ಸ್ ಇಂಜಿನ್‌ಗಳ ಮುಂದಿನ ಸಣ್ಣ ಗಾಲಿಗಳನ್ನೇ ತೆಗೆದುಹಾಕಿ 0-8-2 ಮಾಡಿಕೊಂಡಿತು. ಅಲ್ಲಿ ನೀರು ತಂದು ಭಾರ ಹೇರಿದ್ರೆ, ಇಲ್ಲಿ ಗಾಲಿ ತೆಗೆದು ಭಾರ ಹಂಚಿದ್ರು. ತತ್ವ ಒಂದೇ.

ಭಾರತದಲ್ಲಿ ಏನು ಮಾಡಿದ್ರು?

ನಮ್ಮಲ್ಲಿ ಇಂಜಿನ್‌ಗಳ ಹೆಸರಲ್ಲೇ ಜಾತಕ ಇರತ್ತೆ. ಮೊದಲಕ್ಷರ ಡಬ್ಲ್ಯು ಆದ್ರೆ ಬ್ರಾಡ್‌ಗೇಜ್, ವೈ ಆದ್ರೆ ಮೀಟರ್‌ಗೇಜ್. ಉಗಿ ಇಂಜಿನ್‌ನಲ್ಲಿ ಪಿ ಅಂದ್ರೆ ಪ್ಯಾಸೆಂಜರ್, ಜಿ ಅಂದ್ರೆ ಗೂಡ್ಸ್. ಡಬ್ಲ್ಯುಜಿ ಅನ್ನೋದು ಸ್ವತಂತ್ರ ಭಾರತದ ದೊಡ್ಡ ಗೂಡ್ಸ್ ಇಂಜಿನ್, 2-8-2. 1950ರಿಂದ 1970ರ ನಡುವೆ 2,450 ತಯಾರಾದವು. ಚಿತ್ತರಂಜನ್ ಕಾರ್ಖಾನೆ 1970ರಲ್ಲಿ ಕಟ್ಟಿದ ಕೊನೇ ಬ್ರಾಡ್‌ಗೇಜ್ ಉಗಿ ಇಂಜಿನ್ ಕೂಡ ಡಬ್ಲ್ಯುಜಿಯೇ. ಅದರ ಹೆಸರು ‘ಅಂತಿಮ್ ಸಿತಾರಾ’, ಕೊನೇ ನಕ್ಷತ್ರ.

ಡೀಸೆಲ್, ವಿದ್ಯುತ್ ಇಂಜಿನ್ ಬಂದಮೇಲೆ ಮುಖ್ಯ ಲೈನಿಂದ ಇಳಿದ ಡಬ್ಲ್ಯುಜಿಗಳು ಎಷ್ಟೋ ಯಾರ್ಡುಗಳಲ್ಲಿ ಶಂಟಿಂಗ್ ಮಾಡ್ಕೊಂಡು ಕೊನೇ ದಿನ ಕಳೆದವು. ಆದ್ರೆ ಗಮನಿಸಿ, ಇವುಗಳನ್ನ ಗಾರ್ಟನ್‌ನಂತೆ ಬಿಚ್ಚಿ ಹೊಸ ರೂಪ ಕೊಟ್ಟಿದ್ದಲ್ಲ. ಇದ್ದ ಹಾಗೇ ಟೆಂಡರ್ ಸಮೇತ ಯಾರ್ಡಿಗೆ ಕಳಿಸಿದ್ದು. ಅದೂ ಒಂದು ಲೆಕ್ಕವೇ. ಡೀಸೆಲ್ ಬಾಗಿಲಲ್ಲಿ ನಿಂತಿರೋವಾಗ ಹತ್ತು ವರ್ಷದ ಕೆಲಸಕ್ಕೆ ಉಗಿ ಇಂಜಿನ್ ಮೇಲೆ ಮತ್ತೆ ದುಡ್ಡು ಸುರಿಯೋದು ಯಾಕೆ?

ಡೀಸೆಲ್ ಗೆದ್ದಿದ್ದೂ ಶಂಟಿಂಗ್‌ನಲ್ಲೇ ಮೊದಲು ಅಂದ್ರೆ ತಪ್ಪಿಲ್ಲ. ಯಾರ್ಡ್ ಇಂಜಿನ್ ಅರ್ಧ ಹೊತ್ತು ಸುಮ್ಮನೆ ನಿಂತಿರತ್ತೆ ಅಂದ್ವಲ್ಲ? ಉಗಿ ಇಂಜಿನ್ ನಿಂತಾಗಲೂ ಕಲ್ಲಿದ್ದಲು ತಿನ್ನತ್ತೆ, ಬೆಂಕಿ ನೋಡಿಕೊಳ್ಳೋಕೆ ಫೈರ್‌ಮನ್ ಬೇಕು, ಬೆಳಿಗ್ಗೆ ಉಗಿ ಏರಿಸೋಕೇ ಗಂಟೆಗಟ್ಟಲೆ ಬೇಕು. ಡೀಸೆಲ್‌ಗೆ ಗುಂಡಿ ಒತ್ತಿದ್ರೆ ಆಯ್ತು. ಇಂಗ್ಲೆಂಡಿನ ಆ ಹದಿಮೂರು ಕ್ಯೂ1 ಇಂಜಿನ್‌ಗಳೂ 1959ರ ಹೊತ್ತಿಗೆ ಹೋದವು. ಒಂದನ್ನೂ ಉಳಿಸಿಲ್ಲ.

ನಮ್ಮ ಲೈನಿನ ಕಥೆ ಬೇರೆ ಯಾಕೆ?

ಈಗ ಮತ್ತೆ ಮಲೆನಾಡಿಗೆ ಬರೋಣ. ದಕ್ಷಿಣದ ಮೀಟರ್‌ಗೇಜ್ ಲೈನುಗಳಲ್ಲಿ ವೈಪಿ, ವೈಜಿ ಉಗಿ ಇಂಜಿನ್‌ಗಳ ಕಾಲ ಮುಗಿದು, ವೈಡಿಎಂ-4 ಅನ್ನೋ ಡೀಸೆಲ್ ಇಂಜಿನ್‌ಗಳು ಬಂದವು. ಒಂದು ಇಂಜಿನ್ ಮುಖ್ಯ ಲೈನಲ್ಲಿ ಹಳೇದಾದ್ರೆ ಇನ್ನೊಂದು ಬ್ರಾಂಚ್ ಲೈನಿಗೆ, ಅಲ್ಲೂ ಬೇಡವಾದ್ರೆ ಯಾರ್ಡಿಗೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋಕೆ ಜಾಗ ಇರಬೇಕಾದ್ರೆ ಒಂದು ಷರತ್ತಿದೆ. ಎಲ್ಲ ಕಡೆ ಹಳಿಯ ಅಗಲ ಒಂದೇ ಇರಬೇಕು.

1990ರ ದಶಕದಲ್ಲಿ ಬೀರೂರು–ಶಿವಮೊಗ್ಗ ಬ್ರಾಡ್‌ಗೇಜ್ ಆಯ್ತು. ಮೀಟರ್‌ಗೇಜ್ ಅಂದ್ರೆ 1,000 ಮಿಲಿಮೀಟರ್, ಬ್ರಾಡ್‌ಗೇಜ್ ಅಂದ್ರೆ 1,676. ಶಿವಮೊಗ್ಗದಿಂದ ಈ ಕಡೆಯ ಲೈನು ಒಂದು ದ್ವೀಪ ಆಗಿ ಉಳೀತು. ಹೊರಗಿನ ರೈಲು ಒಳಗೆ ಬರಲ್ಲ, ಒಳಗಿನದು ಹೊರಗೆ ಹೋಗಲ್ಲ. ಆಗ ಇಲ್ಲಿ ಓಡಿದ್ದು ರೈಲ್‌ಬಸ್. ಬಸ್ಸಿನಂಥ ಒಂದೇ ಬೋಗಿ, ಅದರ ಹೊಟ್ಟೆಯೊಳಗೇ ಡೀಸೆಲ್ ಇಂಜಿನ್. ಸಾಗರದ ಕಡೆ ನಿಮ್ಮ ಅಕ್ಕ ಅಣ್ಣಂದಿರನ್ನ ಕೇಳಿ, ಹತ್ತಿದ ನೆನಪು ಇದ್ದೇ ಇರತ್ತೆ. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಯ್ತು, ಬೆಂಗಳೂರು, ಮೈಸೂರು ರೈಲು ನೇರ ಬರೋ ಹಾಗಾಯ್ತು.

ಇದರಿಂದ ನಮಗೆ ಲಾಭ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇಂಜಿನ್ ದೃಷ್ಟಿಯಿಂದ ನೋಡಿ. ಉಗಿ ಇಂಜಿನ್‌ಗಾದ್ರೆ ಹಳಿಯ ಅಗಲ ಅದರ ಮೂಳೆಯಲ್ಲೇ ಇರತ್ತೆ. ಟ್ಯಾಂಕ್ ಹಚ್ಚಬಹುದು, ಟೆಂಡರ್ ತೆಗೀಬಹುದು, ಮುಂದಿನ ಗಾಲಿ ಕಳಚಬಹುದು. ಒಂದು ಮೀಟರಿನ ಉಗಿ ಇಂಜಿನ್‌ನ 1,676ಕ್ಕೆ ಅಗಲಿಸೋಕೆ ಹೋದ್ರೆ ಹೊಸದೇ ಕಟ್ಟಿದ ಹಾಗೆ. ಹಾಗಾಗಿ ಗೇಜ್ ಬದಲಾದಾಗ ಇಂಜಿನ್ ಕೆಟ್ಟಿರದೇ ಇದ್ರೂ ಕೆಲಸ ಕಳಕೊಳ್ಳತ್ತೆ. ಅದೃಷ್ಟ ಇದ್ದ ಕೆಲವು ವೈಡಿಎಂ-4ಗಳು ಮೀಟರ್‌ಗೇಜ್ ಇನ್ನೂ ಇರೋ ಮ್ಯಾನ್ಮಾರ್, ಮಲೇಷ್ಯಾದಂಥ ದೇಶಗಳಿಗೆ ಹೋದವು. ಉಳಿದವು ಗುಜರಿಗೆ.

ಇವತ್ತು ನಾನು ಹೇಳಬೇಕಂತಿದ್ದ ಒಂದೇ ವಿಷಯ ಇದು. ಹಳೇ ಯಂತ್ರ ಉಪಯೋಗಕ್ಕೆ ಬರತ್ತಾ ಇಲ್ವಾ ಅನ್ನೋದನ್ನ ಅದರ ವಯಸ್ಸು ಒಂದೇ ತೀರ್ಮಾನ ಮಾಡಲ್ಲ. ಅದರ ಗುಣಕ್ಕೆ ಹೊಂದೋ ಕೆಲಸ ಪಕ್ಕದಲ್ಲಿದೆಯಾ, ಅಲ್ಲಿಗೆ ಹೋಗೋಕೆ ದಾರಿ ಇದೆಯಾ ಅನ್ನೋದು ತೀರ್ಮಾನ ಮಾಡತ್ತೆ. ಗಾರ್ಟನ್‌ನಲ್ಲಿ ಎರಡೂ ಇತ್ತು. ನಮ್ಮ ಮೀಟರ್‌ಗೇಜ್‌ಗೆ ದಾರಿಯೇ ಮುಚ್ಚಿಹೋಯ್ತು.

ಇವತ್ತೂ ನಡೀತಿದೆ

ಮರುಬಳಕೆ ನಿಂತಿಲ್ಲ. ವಿದ್ಯುತ್ ಲೈನು ಬಂದ ಕಡೆ ಹಳೇ ಡೀಸೆಲ್ ಇಂಜಿನ್‌ಗಳು ಯಾರ್ಡಲ್ಲಿ ಶಂಟಿಂಗ್ ಮಾಡೋದು ಈಗಲೂ ಕಾಣತ್ತೆ. ಕಿಟಕಿ ಮುಚ್ಚಿದ ಹಳೇ ಪ್ಯಾಸೆಂಜರ್ ಬೋಗಿಗಳ ಸಾಲೊಂದು ಎಲ್ಲಾದ್ರೂ ನೋಡಿದ್ದೀರಾ? ಎನ್‌ಎಂಜಿ ಅಂತ ಬರೆದಿರ್ತಾರೆ. ಅವು ಕಾರು ಸಾಗಿಸೋ ರೈಲುಗಳು. ಜನರನ್ನ ಹೊತ್ತು ಸುಸ್ತಾದ ಬೋಗಿಗಳ ಸೀಟು ಕಿತ್ತು, ತುದಿಯಲ್ಲಿ ಬಾಗಿಲು ಮಾಡಿ, ಒಳಗೆ ಕಾರು ತುಂಬಿಸ್ತಾರೆ.

ಅರಸಾಳಿನಲ್ಲೂ ಹಾಗೇ. ಹಳೇ ಸ್ಟೇಷನ್ ಕಟ್ಟಡ ಕೆಡವದೇ 2020ರಲ್ಲಿ ಅದನ್ನ ಮಾಲ್ಗುಡಿ ಮ್ಯೂಸಿಯಂ ಮಾಡಿದ್ರು. ಪಕ್ಕದಲ್ಲಿ ಹಳೇ ಬೋಗಿಯೊಳಗೆ ಚಹಾದಂಗಡಿ. ಆ ಕಡೆ ಹೋದ್ರೆ ಒಂದು ಚಾ ಕುಡಿದು ಬನ್ನಿ.

ಆದ್ರೆ ಮ್ಯೂಸಿಯಂನಲ್ಲಿ ಉಳಿಯೋದು ಯಾವುದು? ಚೆಂದ ಕಾಣೋದು, ಹೆಸರು ಮಾಡಿದ್ದು. ಯಾರ್ಡಲ್ಲಿ ಮಸಿ ಮೆತ್ತಿಕೊಂಡು ತಳ್ಳಿದ ಇಂಜಿನ್, ಮಳೆಯಲ್ಲಿ ಕೊಂಡಿ ಹಾಕಿದ ಪಾಯಿಂಟ್ಸ್‌ಮನ್, ಅವರ ಫೋಟೋ ಯಾರ ಹತ್ರನೂ ಇರಲ್ಲ. ಕ್ಯೂ1 ಹದಿಮೂರರಲ್ಲಿ ಒಂದೂ ಉಳಿಯದ ಹಾಗೆ, ನಮ್ಮ ಲೈನಿನ ಕೆಲಸದ ನೆನಪೂ ಅಳಿಸಿ ಹೋಗಬಹುದು. ತಾಳಗುಪ್ಪಕ್ಕೆ ಉಗಿ ಇಂಜಿನ್ ಬರೋದನ್ನ ಕಂಡವರು ಈಗ ಅಜ್ಜ ಅಜ್ಜಿಯರು.

ಅದಕ್ಕೆ ನಿಮಗೊಂದು ಕೆಲಸ. ಫೋನ್ ಕೈಯಲ್ಲೇ ಇದೆ. ಆನಂದಪುರ, ಅರಸಾಳು, ಸಾಗರ, ತಾಳಗುಪ್ಪದ ಕಡೆ ರೈಲ್ವೆಯಲ್ಲಿ ದುಡಿದ ಹಿರಿಯರು, ಗೂಡ್ಸ್ ಶೆಡ್ಡಲ್ಲಿ ಲೋಡಿಂಗ್ ಮಾಡಿದವರು ನಿಮಗೆ ಗೊತ್ತಿದ್ರೆ, ಹೋಗಿ ಕೂತು ಹತ್ತು ನಿಮಿಷ ರೆಕಾರ್ಡ್ ಮಾಡಿ. ಅವರನ್ನ ಕೇಳಿಯೇ ಮಾಡಿ, ಕದ್ದು ಬೇಡ. ಸುಲಭದ ಪ್ರಶ್ನೆ ಇಟ್ಕೊಳ್ಳಿ: ಯಾವ ಸಾಮಾನು ಬರ್ತಿತ್ತು, ಯಾವುದು ಹೋಗ್ತಿತ್ತು? ಇಂಜಿನ್ ಹೇಗೆ ತಿರುಗಿಸ್ತಿದ್ರು? ರಾತ್ರಿ ದೀಪದ ಸನ್ನೆ ಹೇಗಿತ್ತು? ತೀರ್ಥಹಳ್ಳಿಯವರೇ, ನಿಮ್ಮೂರಿಗೆ ರೈಲಿಲ್ಲ ಅಂತ ಸುಮ್ಮನಿರಬೇಡಿ. ರೈಲು ಹಿಡಿಯೋಕೆ ಶಿವಮೊಗ್ಗಕ್ಕೆ ಹೇಗೆ ಹೋಗ್ತಿದ್ರು ಅಂತ ಮನೆಯ ಹಿರಿಯರನ್ನ ಕೇಳಿ, ಅದೂ ರೈಲಿನ ಕಥೆಯೇ.

ಇವತ್ತಿಗೆ ಇಷ್ಟು. ಮುಂದಿನ ಸಲ ತಾಳಗುಪ್ಪದಲ್ಲಿ ಇಂಜಿನ್ ಕಳಚಿಕೊಂಡು ಆ ತುದಿಗೆ ಓಡೋದು ಕಂಡ್ರೆ, ಪಕ್ಕದಲ್ಲಿ ನಿಂತ ಗೆಳೆಯರಿಗೆ ಜೀಪಿನ ಲೆಕ್ಕ ಹೇಳಿ.